ಮದ್ದು ಹಸುವಿನ ಮೈಮೇಲೆ, ಉಣ್ಣೆ ನೆಲದಲ್ಲಿ

ಹಿಂದಿನ ಸಂಚಿಕೆಯಲ್ಲಿ ಕರುಗಳ ಜಂತುಹುಳುವಿನ ಬಗ್ಗೆ ಬರೆದಿದ್ದೆ. ಕೊನೆಯಲ್ಲಿ ಒಂದೇ ಒಂದು ಸಾಲು ಸೇರಿಸಿದ್ದೆ: ಉಣ್ಣೆಗೆ, ಅಂದರೆ ದನದ ಮೈಗೆ ಕಚ್ಚಿ ರಕ್ತ ಹೀರುವ ಹುಳುವಿಗೆ, ಹೊಡೆಯುವ ಔಷಧಿಯ ವಿಷಯದಲ್ಲಿ ಹುಷಾರಾಗಿರಿ ಅಂತ. ಜಂತುಹುಳುವಿನ ಬಗ್ಗೆ ಮೂರು ಪತ್ರ ಬಂದವು. ಆ ಒಂದು ಸಾಲಿಗೆ ರಾಶಿ ಪತ್ರ ಬಂದಿವೆ. ಹಾಗಾಗಿ ಈ ಸಲ ಪೂರ್ತಿ ಪುಟ ಉಣ್ಣೆಗೇ ಮೀಸಲು. ಕೆಲವರು ಹೆಸರು ಹಾಕಬೇಡಿ ಎಂದಿದ್ದಾರೆ. ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಡಾಕ್ಟ್ರಮ್ಮ, ನಮ್ಮ ಯಜಮಾನರು ಆರು ಹಸುಗಳಿಗೆ ಉಣ್ಣೆ ಔಷಧಿ ಹೊಡೆದರು. ಸಂಜೆ ಹೊತ್ತಿಗೆ ಮಂಪರು, ವಾಂತಿ. ಮಾತಾಡಿಸಿದರೂ ಕಣ್ಣು ಬಿಡಲಿಲ್ಲ. ಆಸ್ಪತ್ರೆಯಲ್ಲಿ ನಾಡಿ ನಿಧಾನ ಆಗಿದೆ, ಸಕ್ಕರೆ ಏರಿದೆ ಅಂದರು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಅವರಿಗೆ ಮೊದಲೇ ಸಕ್ಕರೆ ಕಾಯಿಲೆ ಇದೆ. ಬಾಟಲಿಯ ಮೇಲೆ ಅಮಿಟ್ರಾಜ್ 12.5 ಅಂತ ಇದೆ. ಇದು ಔಷಧಿಯಿಂದಲೇ ಆಗಿದ್ದಾ?

ನೀವು ಬರೆದ ಲಕ್ಷಣಗಳನ್ನು ನೋಡಿದರೆ ಹೌದು ಅಂತಲೇ ಹೇಳಬೇಕಾಗುತ್ತದೆ, ಅಮ್ಮ. ಮಂಪರು, ವಾಂತಿ, ನಿಧಾನವಾದ ನಾಡಿ, ಏರಿದ ಸಕ್ಕರೆ. ಈ ನಾಲ್ಕೂ ಒಟ್ಟಿಗೆ ಬಂದರೆ ಅಮಿಟ್ರಾಜ್ ಮೇಲೇ ಮೊದಲ ಅನುಮಾನ. ಅವರು ಚೇತರಿಸಿಕೊಂಡದ್ದು ದೊಡ್ಡ ಸಮಾಧಾನ. ಈ ವಿಷಕ್ಕೆ ಇದೇ ಮದ್ದು ಅಂತ ಯಾವುದೂ ಇಲ್ಲ. ಉಸಿರು, ನಾಡಿ, ರಕ್ತದೊತ್ತಡ ನೋಡಿಕೊಳ್ಳುತ್ತಾ ಮೈಯೇ ಅದನ್ನು ಕಳೆದುಕೊಳ್ಳುವ ತನಕ ಕಾಯಬೇಕು. ಸಾಮಾನ್ಯವಾಗಿ ಒಂದೆರಡು ದಿನ ಹಿಡಿಯುತ್ತದೆ.

ಅಮಿಟ್ರಾಜ್ ಉಣ್ಣೆಯ ನರಗಳ ಮೇಲೆ ಕೆಲಸ ಮಾಡುತ್ತದೆ. ಕಚ್ಚಿ ಹಿಡಿದಿದ್ದ ಉಣ್ಣೆ ಹಿಡಿತ ಬಿಟ್ಟು ಉದುರುತ್ತದೆ. ಆದರೆ ನಮ್ಮ ಮೆದುಳಿನಲ್ಲಿ, ರಕ್ತನಾಳಗಳಲ್ಲಿ ಕೂಡ ಅದು ಹೋಗಿ ಕೂರುವ ಜಾಗಗಳಿವೆ. ಅಲ್ಲಿ ಕೂತರೆ ನಿದ್ದೆ ಬಂದಂತಾಗುತ್ತದೆ, ಎದೆಬಡಿತ ಇಳಿಯುತ್ತದೆ. ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಬರುವುದನ್ನೂ ತಡೆಯುತ್ತದೆ. ಅದಕ್ಕೇ ಸಕ್ಕರೆ ಏರಿದ್ದು. ಸಕ್ಕರೆ ಕಾಯಿಲೆ ಇರುವವರು ಈ ಔಷಧಿಯನ್ನು ಮುಟ್ಟಲೇಬಾರದು ಅಂತ ನಾನು ಹೇಳುವುದು ಇದೇ ಕಾರಣಕ್ಕೆ. ಇನ್ನು ಮುಂದೆ ನಿಮ್ಮ ಮನೆಯಲ್ಲಿ ಅವರು ಹೊಡೆಯುವುದು ಬೇಡ. ಬಾಟಲಿಯಲ್ಲಿ ಅಮಿಟ್ರಾಜ್ ಕರಗಿಸಲು ಹಾಕಿರುವ ದ್ರಾವಕ ಕೂಡ ಸಾಧುವಲ್ಲ. ಸಾಮಾನ್ಯವಾಗಿ ಅದು ಕ್ಸೈಲೀನ್. ಚರ್ಮಕ್ಕೆ ಉರಿ, ಉಸಿರಿಗೆ ತೊಂದರೆ, ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬೀಡಿ ಸೇದುತ್ತಾ ಕಲಸುವವರನ್ನು ನೋಡಿದಾಗೆಲ್ಲ ನನಗೆ ಎದೆ ಝಲ್ಲೆನ್ನುತ್ತದೆ.

ಅವರು ಹೇಗೆ ಹೊಡೆದರು ಅಂತ ನೀವು ಬರೆದಿಲ್ಲ. ನಾನು ಕಂಡ ಕೊಟ್ಟಿಗೆಗಳಲ್ಲಿ ನಡೆಯುವುದು ಹೀಗೆ. ಬಕೆಟ್ಟಿಗೆ ಔಷಧಿ ಸುರಿದು ಕೈಯಲ್ಲೇ ಕಲಸುತ್ತಾರೆ. ಬಟ್ಟೆ ಅದ್ದಿ ಬರಿಗೈಯಲ್ಲಿ ಹಸುವಿನ ಮೈಗೆ ಒರೆಸುತ್ತಾರೆ. ಬಾಗಿಲು ಮುಚ್ಚಿದ ಕೊಟ್ಟಿಗೆಯೊಳಗೇ ಪಂಪು ಒತ್ತುತ್ತಾರೆ. ಒದ್ದೆಯಾದ ಅಂಗಿಯಲ್ಲೇ ಸಂಜೆಯ ತನಕ ಇರುತ್ತಾರೆ. ವಿಷ ಬಾಯಿಗೆ ಹೋದರೆ ಮಾತ್ರ ವಿಷ ಅಂದುಕೊಂಡಿದ್ದೇವೆ. ಒದ್ದೆ ಅಂಗಿಯಿಂದ ಚರ್ಮದೊಳಗೆ ಇಳಿಯುವುದು ಯಾರಿಗೂ ಕಾಣುವುದಿಲ್ಲ, ಅಲ್ವಾ?

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷದ ಒಂದು ಘಟನೆ ಹೇಳುತ್ತೇನೆ. ಒಂದು ಕೊಟ್ಟಿಗೆಗೆ ಕೆಚ್ಚಲುಬಾವು ನೋಡಲು ಹೋಗಿದ್ದೆ. ಹದಿನೇಳು ಹದಿನೆಂಟರ ಹುಡುಗನೊಬ್ಬ ಹಸುವಿಗೆ ಏನೋ ಸಿಂಪಡಿಸುತ್ತಿದ್ದ. ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತು. ಮೈಯೆಲ್ಲ ಬೆವರು. ತೋಳಿನ ಮಾಂಸ ತಾನಾಗಿ ಅದುರುತ್ತಿತ್ತು. ಕಣ್ಣು ನೋಡಿದೆ, ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿತ್ತು. ಬೆಳೆಗೆ ಹೊಡೆಯುವ ಕೀಟನಾಶಕವನ್ನು ಹಸುವಿಗೆ ಹೊಡೆಯುತ್ತಿದ್ದ. ಅದು ಆರ್ಗನೋಫಾಸ್ಫೇಟ್ ಗುಂಪಿನದು. ಅಂಗಿ ಬಿಚ್ಚಿಸಿ, ಸೋಪು ಹಚ್ಚಿ ತೊಳೆದು, ಡಬ್ಬಿಯ ಸಮೇತ ಆಸ್ಪತ್ರೆಗೆ ಕಳಿಸಿದೆವು. ಅಟ್ರೋಪಿನ್ ಕೊಟ್ಟು ಉಳಿಸಿಕೊಂಡರು. ಆ ಗುಂಪಿಗಾದರೆ ಅಟ್ರೋಪಿನ್ ಇದೆ. ಡಬ್ಬಿ ಜೊತೆಗೆ ಹೋಗಿದ್ದರಿಂದ ಡಾಕ್ಟರಿಗೆ ಯಾವ ವಿಷ ಅಂತ ಹುಡುಕುವ ಕೆಲಸ ಉಳಿಯಿತು. ಅವತ್ತಿನಿಂದ ಎಲ್ಲರಿಗೂ ಇದನ್ನೇ ಹೇಳುತ್ತಾ ಬಂದಿದ್ದೇನೆ: ಆಸ್ಪತ್ರೆಗೆ ಹೋಗುವಾಗ ಡಬ್ಬಿ ಬಿಟ್ಟು ಹೋಗಬೇಡಿ.

ಮತ್ತೆ ಹೀಗಾದರೆ ಮೊದಲು ಬಟ್ಟೆ ತೆಗೆಸಿ. ಸೋಪು, ಧಾರಾಳ ನೀರು. ತಲೆಗೂದಲು, ಉಗುರಿನ ಸಂದಿ ಮರೆಯಬೇಡಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಹರಿಯುವ ನೀರು. ಕುಡಿದುಬಿಟ್ಟಿದ್ದರೆ ವಾಂತಿ ಮಾಡಿಸಲು ಹೋಗಬೇಡಿ. ಆ ದ್ರಾವಕ ವಾಂತಿಯ ಜೊತೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ.

ಮನೆಯಲ್ಲಿ ಬೇರೆ ಯಾರಾದರೂ ಹೊಡೆಯುವುದಾದರೆ ಉದ್ದ ತೋಳಿನ ಅಂಗಿ, ಬೂಟು, ಕಣ್ಣಿಗೆ ಕನ್ನಡಕ, ದಪ್ಪ ರಬ್ಬರ್ ಗ್ಲೌಸ್ ಬೇಕು. ಆಸ್ಪತ್ರೆಯ ತೆಳು ಗ್ಲೌಸ್ ಸಾಲದು, ದ್ರಾವಕ ಅದರೊಳಗಿಂದ ನುಸುಳುತ್ತದೆ. ಹಸುವನ್ನು ಬಯಲಿಗೆ ತಂದು ಗಾಳಿಗೆ ಬೆನ್ನು ಕೊಟ್ಟು ಹೊಡೆಯಿರಿ. ಗರ್ಭಿಣಿಯರು, ಎದೆಹಾಲು ಕೊಡುವವರು, ಮಕ್ಕಳು ಹತ್ತಿರ ಇರುವುದೇ ಬೇಡ.

ಪ್ರಶ್ನೆ: ಹಾಲು ಕರೆಯುವ ಹಸುವಿಗೆ ಉಣ್ಣೆ ಹೋಗಲು ಐವರ್ಮೆಕ್ಟಿನ್ ಇಂಜೆಕ್ಷನ್ ಹಾಕಿಸಿದೆ. ಹಾಲು ಎಂದಿನಂತೆ ಮಾರಿದೆ, ಮನೆಯಲ್ಲೂ ಕುಡಿದೆವು. ಹಾಲು ಕುಡಿಯಬಾರದು ಅಂತ ಆಮೇಲೆ ಒಬ್ಬರು ಹೇಳಿದರು. ಚೆನ್ನಾಗಿ ಕುದಿಸಿದರೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಐವರ್ಮೆಕ್ಟಿನ್ ಸಾಯುವ ವಸ್ತುವಲ್ಲ. ಒಲೆಯ ಶಾಖವನ್ನು ಅದು ತಡೆದುಕೊಳ್ಳುತ್ತದೆ. ಇನ್ನೊಂದು ವಿಷಯ, ಅದು ಕೊಬ್ಬಿನಲ್ಲಿ ಕರಗುವ ಔಷಧಿ. ಹಾಲಿನಲ್ಲಿ ಕೊಬ್ಬು ಎಲ್ಲಿದೆಯೋ ಅಲ್ಲಿಗೆ ಹೋಗಿ ಸೇರುತ್ತದೆ. ಕೆನೆ ತೆಗೆದರೆ ಕೆನೆಯಲ್ಲಿ, ಬೆಣ್ಣೆ ಕಡೆದರೆ ಬೆಣ್ಣೆಯಲ್ಲಿ ಇನ್ನೂ ದಟ್ಟವಾಗುತ್ತದೆ.

ಚರ್ಮದಡಿ ಕೊಟ್ಟ ಔಷಧಿ ನಿಧಾನವಾಗಿ ರಕ್ತಕ್ಕೆ ಬರುತ್ತದೆ, ವಾರಗಟ್ಟಲೆ ಹಾಲಿನಲ್ಲಿ ಇಳಿಯುತ್ತಿರುತ್ತದೆ. ಹಾಗಾಗಿಯೇ ಮನುಷ್ಯರು ಹಾಲು ಕುಡಿಯುವ ಹಸುಗಳಿಗೆ ಈ ಇಂಜೆಕ್ಷನ್ ಬೇಡ ಅಂತ ಬಹಳ ದೇಶಗಳಲ್ಲಿ ಲೇಬಲ್ಲಿನಲ್ಲೇ ಅಚ್ಚು ಹಾಕಿರುತ್ತಾರೆ. ಗಬ್ಬದ ಹಸುವಿಗೆ ಕೂಡ ಕರು ಹಾಕುವ ದಿನ ಹತ್ತಿರ ಇದ್ದರೆ ಬೇಡ. ಕರು ಹಾಕಿದ ಮೇಲಿನ ಹಾಲಿಗೂ ಅದು ಬರಬಹುದು.

ನೀವು ಗಾಬರಿಯಾಗುವುದು ಬೇಡ. ಕುಡಿದದ್ದು ಕುಡಿದಾಯಿತು. ಇದೇ ಔಷಧಿಯನ್ನು ತೂಕ ನೋಡಿ ಮನುಷ್ಯರಿಗೂ ಮಾತ್ರೆಯಾಗಿ ಕೊಡುತ್ತಾರೆ. ನದೀಕುರುಡು ಎಂಬ ಕಾಯಿಲೆಯಿಂದ ಲಕ್ಷಾಂತರ ಜನರ ಕಣ್ಣು ಉಳಿಸಿದ ಔಷಧಿ ಇದು. ಇದನ್ನು ಕಂಡುಹಿಡಿದ ವಿಲಿಯಂ ಕ್ಯಾಂಪ್‌ಬೆಲ್ ಮತ್ತು ಸತೋಶಿ ಒಮುರಾ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಆದರೆ ಡಾಕ್ಟರು ತೂಕ ಹಾಕಿ ಒಂದು ಸಲ ಕೊಡುವುದು ಬೇರೆ. ಎರಡು ವರ್ಷದ ಮಗು ದಿನಾ ಎರಡು ಲೋಟ ಹಾಲಿನಲ್ಲಿ, ಯಾರಿಗೂ ಗೊತ್ತಿಲ್ಲದ ಅಳತೆಯಲ್ಲಿ ಕುಡಿಯುವುದು ಬೇರೆ. ಹಾಲು ಕೊಂಡವರಿಗೆ ಇದು ಗೊತ್ತೇ ಇರುವುದಿಲ್ಲ. ನನ್ನ ಸಂಕಟ ಇರುವುದು ಅಲ್ಲೇ. ನಿಮ್ಮ ಹಸುವಿಗೆ ಏನು ಹಾಕಿದಿರಿ ಅಂತ ನಿಮಗೆ ಗೊತ್ತು, ಆ ಮಗುವಿನ ತಾಯಿಗೆ ಗೊತ್ತಿಲ್ಲ.

ಇಂಜೆಕ್ಷನ್ ಹಾಕಿದವರನ್ನು ಮೊದಲು ಕೇಳಿ: ಹಾಲು ಎಷ್ಟು ದಿನ ಬಿಡಬೇಕು? ಗೊತ್ತಿಲ್ಲ ಎಂದರೆ ಲೇಬಲ್ ಓದಿಸಿ. ಅಲ್ಲೂ ಇಲ್ಲದಿದ್ದರೆ ಅದು ಹಾಲಿನ ಹಸುವಿಗೆ ಬಳಸುವ ಔಷಧಿಯೇ ಅಲ್ಲ ಎಂದು ತಿಳಿಯಿರಿ. ಅದೇ ಕುಟುಂಬದ ಎಪ್ರಿನೊಮೆಕ್ಟಿನ್ ಅಂತ ಒಂದಿದೆ. ಬೆನ್ನ ಮೇಲೆ ಸುರಿಯುವ ರೂಪದಲ್ಲಿ ಬರುತ್ತದೆ. ಅದು ಹಾಲಿಗೆ ತೀರಾ ಕಡಿಮೆ ಇಳಿಯುತ್ತದೆ. ಅನೇಕ ದೇಶಗಳಲ್ಲಿ ಹಾಲಿನ ಹಸುಗಳಿಗೇ ಒಪ್ಪಿಗೆ ಸಿಕ್ಕಿದೆ. ನಿಮ್ಮ ಪಶುವೈದ್ಯರ ಹತ್ತಿರ ಅದರ ಬಗ್ಗೆ ಕೇಳಿ ನೋಡಿ.

ಮೈಮೇಲೆ ಸಿಂಪಡಿಸುವ ಔಷಧಿಗಳಿಗೂ ಇದೇ ಮಾತು, ಸ್ವಲ್ಪ ಬೇರೆ ರೀತಿಯಲ್ಲಿ. ಅವು ಕೆಚ್ಚಲಿನ ಚರ್ಮದಿಂದ, ಕರೆಯುವವರ ಕೈಯಿಂದ, ಉದುರುವ ಕೂದಲಿನಿಂದ ಬಕೆಟ್ಟಿಗೆ ಬರುತ್ತವೆ. ಹಾಲು ಕರೆದ ಮೇಲೆಯೇ ಹೊಡೆಯಿರಿ, ಮೊದಲಲ್ಲ. ಮುಂದಿನ ಸಲ ಕರೆಯುವಾಗ ಕೆಚ್ಚಲು ತೊಳೆದು ಒಣಬಟ್ಟೆಯಲ್ಲಿ ಒರೆಸಿ. ಕರುವನ್ನು ಕುಡಿಯಲು ಬಿಡುವ ಮುಂಚೆಯೂ ಹಾಗೇ.

ಪ್ರಶ್ನೆ: ಔಷಧಿ ಖಾಲಿಯಾದ ಕ್ಯಾನ್ ಗಟ್ಟಿಯಾಗಿದೆ. ಚೆನ್ನಾಗಿ ತೊಳೆದು ಹಾಲಿಗೋ ನೀರಿಗೋ ಬಳಸಬಹುದಾ?

ಬೇಡ. ಎಷ್ಟು ತೊಳೆದರೂ ಬೇಡ. ಪ್ಲಾಸ್ಟಿಕ್ ಔಷಧಿಯನ್ನು ಹೀರಿಕೊಂಡಿರುತ್ತದೆ. ಮೂರು ಸಲ ತೊಳೆದು, ಆ ನೀರನ್ನೂ ಸಿಂಪಡಣೆಯ ದ್ರಾವಣಕ್ಕೇ ಸೇರಿಸಿ, ಕ್ಯಾನಿಗೆ ತೂತು ಹೊಡೆದು ಯಾರೂ ಬಳಸದ ಹಾಗೆ ಮಾಡಿ. ಸುಡಬೇಡಿ, ಹೊಗೆಯೂ ವಿಷವೇ.

ಪ್ರಶ್ನೆ: ಮೊದಲು ಈ ಔಷಧಿ ಹೊಡೆದರೆ ಮರುದಿನ ಉಣ್ಣೆ ಉದುರುತ್ತಿತ್ತು. ಈಗ ಏನೂ ಆಗುತ್ತಿಲ್ಲ. ಎರಡು ಪಾಲು ಹಾಕಿ ಹೊಡೆದೆ. ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಇನ್ನೂ ಜೋರಿನದು ಯಾವುದಿದೆ ಮೇಡಂ?

ಜೋರಿನದು ಹುಡುಕುವ ಮೊದಲು ಉಣ್ಣೆ ಎಲ್ಲಿದೆ ಅಂತ ನೋಡೋಣ. ದನಗಳನ್ನು ಜಾಸ್ತಿ ಕಾಡುವ ಒಂದು ಜಾತಿಯ ಉಣ್ಣೆ ಮರಿಯಾಗಿ ಹತ್ತಿ, ದೊಡ್ಡದಾಗಿ ಇಳಿಯುವ ತನಕ ಸುಮಾರು ಮೂರು ವಾರ ಒಂದೇ ಹಸುವಿನ ಮೇಲೆ ಇರುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ನೆಲಕ್ಕೆ ಬಿದ್ದು ಎರಡು ಮೂರು ಸಾವಿರ ಮೊಟ್ಟೆ ಇಡುತ್ತದೆ. ಮರಿಗಳು ಹುಲ್ಲಿನ ತುದಿಗೆ ಹತ್ತಿ ಕಾಯುತ್ತವೆ. ಏನೂ ತಿನ್ನದೆ ತಿಂಗಳುಗಟ್ಟಲೆ ಕಾಯುವ ಶಕ್ತಿ ಅವಕ್ಕಿದೆ. ಇನ್ನೊಂದು ಜಾತಿ ಗೋಡೆಯ ಬಿರುಕಿನಲ್ಲಿ, ಮೇವು ಹಾಕುವ ಗೋದಲಿಯ ಸಂದಿಯಲ್ಲಿ ಅಡಗಿ ಪೊರೆ ಬಿಡುತ್ತದೆ. ಹಸಿವಾದಾಗ ಮಾತ್ರ ಹಸುವಿನ ಹತ್ತಿರ ಬರುತ್ತದೆ. ಹಾಗಾಗಿ ಯಾವ ಹೊತ್ತಿನಲ್ಲಿ ನೋಡಿದರೂ ಉಣ್ಣೆಗಳ ದೊಡ್ಡ ಪಾಲು ನೆಲದಲ್ಲಿ, ಹುಲ್ಲಿನಲ್ಲಿ, ಗೋಡೆಯಲ್ಲಿ ಇರುತ್ತದೆ. ಹಸುವಿನ ಮೈಮೇಲೆ ಇರುವುದು ಸ್ವಲ್ಪ. ನೀವು ಆ ಸ್ವಲ್ಪಕ್ಕೆ ಮಾತ್ರ ಎರಡು ಪಾಲು ವಿಷ ಹೊಡೆದಿರಿ.

ಈಗ ಔಷಧಿ ಯಾಕೆ ನಾಟುತ್ತಿಲ್ಲ ಅನ್ನುವುದಕ್ಕೆ ಬರುತ್ತೇನೆ. ಸಾವಿರ ಉಣ್ಣೆಯಲ್ಲಿ ಒಂದೆರಡಕ್ಕೆ ಹುಟ್ಟಿನಿಂದಲೇ ಔಷಧಿ ತಡೆಯುವ ಗುಣ ಇರುತ್ತದೆ. ನೀವು ಹೊಡೆದಾಗ ಉಳಿದವು ಸಾಯುತ್ತವೆ, ಆ ಒಂದೆರಡು ಉಳಿಯುತ್ತವೆ. ಮುಂದಿನ ಸಾವಿರಾರು ಮೊಟ್ಟೆ ಅವುಗಳದ್ದೇ. ವಾರಕ್ಕೊಮ್ಮೆ ಹೊಡೆದರೆ ಈ ಆಯ್ಕೆ ಬೇಗ ಬೇಗ ನಡೆಯುತ್ತದೆ. ನೀರು ಜಾಸ್ತಿ ಮಾಡಿ ಸಪ್ಪೆಯಾಗಿ ಹೊಡೆದರೂ ಅಷ್ಟೇ, ಅರೆಬರೆ ತಡೆಯುವವೂ ಉಳಿದುಕೊಳ್ಳುತ್ತವೆ. ಇನ್ನು ಎರಡು ಪಾಲು ಹಾಕಿದರೆ ತಡೆಯುವ ಉಣ್ಣೆ ಸಾಯುತ್ತದೆ ಅಂತ ಇಲ್ಲ. ಹಸುವಿಗೆ ಮಾತ್ರ ಎರಡು ಪಾಲು ವಿಷ ತಾಗುವುದು ಖಂಡಿತ.

ಇದು ಇವತ್ತಿನ ಕಥೆಯಲ್ಲ. 1893ರಲ್ಲಿ ಅಮೆರಿಕದ ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬರ್ನ್ ಅನ್ನುವವರು ದನಗಳ ಕೆಂಪು ಮೂತ್ರದ ರೋಗ ಉಣ್ಣೆಯಿಂದ ಹರಡುತ್ತದೆ ಎಂದು ತೋರಿಸಿಕೊಟ್ಟರು. ಆಮೇಲೆ ಜಗತ್ತಿನಲ್ಲಿ ದನಗಳನ್ನು ಔಷಧಿಯ ತೊಟ್ಟಿಯಲ್ಲಿ ಮುಳುಗಿಸಿ ತೆಗೆಯುವುದು ಶುರುವಾಯಿತು. ಮೊದಲು ಬಳಸಿದ್ದು ಪಾಷಾಣ, ಅಂದರೆ ಆರ್ಸೆನಿಕ್. ಆಸ್ಟ್ರೇಲಿಯದಲ್ಲಿ 1930ರ ದಶಕದ ಹೊತ್ತಿಗೇ ಉಣ್ಣೆಗಳು ಪಾಷಾಣವನ್ನೂ ತಡೆದುಕೊಂಡವು. ಆಮೇಲೆ ಡಿಡಿಟಿ ಬಂತು, ಆರ್ಗನೋಫಾಸ್ಫೇಟ್ ಬಂತು, ಅಮಿಟ್ರಾಜ್, ಡೆಲ್ಟಾಮೆಥ್ರಿನ್, ಐವರ್ಮೆಕ್ಟಿನ್ ಬಂದವು. ಒಂದೊಂದಕ್ಕೂ ಎಲ್ಲೋ ಒಂದು ಕಡೆ ಉಣ್ಣೆ ಒಗ್ಗಿಕೊಂಡಿದೆ. ಆ ಹಳೆಯ ತೊಟ್ಟಿಗಳ ಸುತ್ತಲಿನ ಮಣ್ಣಿನಲ್ಲಿ ಮಾತ್ರ ಪಾಷಾಣ, ಡಿಡಿಟಿ ಇವತ್ತಿಗೂ ಉಳಿದುಕೊಂಡಿವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಂಥ ಜಾಗಗಳು ಸಾವಿರಕ್ಕೂ ಹೆಚ್ಚು. ದನಗಳೂ ಹೋದವು, ಮುಳುಗಿಸಿದವರೂ ಹೋದರು. ಆ ಮಣ್ಣಿನ ಮೇಲೆ ಮನೆ ಕಟ್ಟಲು ಈಗಿನವರು ಯೋಚಿಸಬೇಕಾಗಿದೆ.

ಅದೇ ಅಮೆರಿಕದಲ್ಲಿ 1906ರಿಂದ 1943ರ ತನಕ ನಡೆದ ಉಣ್ಣೆ ನಿರ್ಮೂಲನೆ ಕೆಲಸ ಬಹುಮಟ್ಟಿಗೆ ಗೆದ್ದಿತು. ಗೆದ್ದದ್ದು ಔಷಧಿಯ ಜೋರಿನಿಂದ ಮಾತ್ರ ಅಲ್ಲ. ಉಣ್ಣೆ ಎಷ್ಟು ದಿನ ದನದ ಮೇಲೆ ಇರುತ್ತದೆ, ಎಷ್ಟು ದಿನ ಹುಲ್ಲಿನಲ್ಲಿ ಕಾಯುತ್ತದೆ ಅಂತ ದಿನ ಎಣಿಸಿ ಕೆಲಸ ಮಾಡಿದರು. ಉಣ್ಣೆ ಇಳಿದು ಮೊಟ್ಟೆ ಇಡುವ ಮೊದಲೇ, ಎರಡು ವಾರಕ್ಕೊಮ್ಮೆ, ಒಂದು ದನವನ್ನೂ ಬಿಡದೆ. ಹುಲ್ಲುಗಾವಲನ್ನು ತಿಂಗಳುಗಟ್ಟಲೆ ಖಾಲಿಯೂ ಬಿಟ್ಟರು. ಅವರ ಪಾಷಾಣ ನಮಗೆ ಬೇಡವೇ ಬೇಡ, ದಿನ ಎಣಿಸುವ ಶಿಸ್ತು ಬೇಕು.

ನಿಮಗೆ ಹೇಳುವುದಿಷ್ಟು. ಬಾಟಲಿಯ ಮುಚ್ಚಳದ ಅಳತೆ ಬಿಡಿ, ಮುಚ್ಚಳಗಳು ಒಂದೇ ಅಳತೆಯವಲ್ಲ. ಹಳೆಯ ಸಿರಿಂಜಿನಲ್ಲಿ ಅಳೆಯಿರಿ. ಅಮಿಟ್ರಾಜ್ 12.5, ಅಂದರೆ ಶೇಕಡಾ 12.5ರದ್ದು, ಇದ್ದರೆ ಲೀಟರಿಗೆ 2 ಮಿ.ಲೀ. ಅಂತ ಸಾಮಾನ್ಯವಾಗಿ ಇರುತ್ತದೆ. ಐದು ಲೀಟರಿಗೆ 10 ಮಿ.ಲೀ., ಅಷ್ಟೇ. ಲೇಬಲ್ ಬೇರೆ ಹೇಳಿದರೆ ಲೇಬಲ್ಲೇ ಸರಿ. ಕಲಸಿದ್ದನ್ನು ಅವತ್ತೇ ಮುಗಿಸಿ, ನಾಳೆಗೆ ಇಡಬೇಡಿ. ಕಿವಿಯ ಒಳಮಗ್ಗುಲು, ಗಂಗೆದೊಗಲು, ತೊಡೆಸಂದಿ, ಬಾಲದ ಬುಡ ಸರಿಯಾಗಿ ನೆನೆಯಬೇಕು. ಬೆನ್ನಿಗೆ ಹೊಡೆದು ಬಿಟ್ಟರೆ ಉಣ್ಣೆ ಇರುವ ಜಾಗ ಹಾಗೇ ಉಳಿಯುತ್ತದೆ. ಇಷ್ಟು ಮಾಡಿಯೂ ಉದುರದಿದ್ದರೆ ಉಬ್ಬಿದ ಹತ್ತಿಪ್ಪತ್ತು ಉಣ್ಣೆಯನ್ನು ಗಾಳಿಯಾಡುವ ಡಬ್ಬಿಯಲ್ಲಿ ಹಾಕಿ ಪಶುವೈದ್ಯ ಪ್ರಯೋಗಾಲಯಕ್ಕೆ ಕೊಡಿ. ಯಾವ ಔಷಧಿ ನಾಟುತ್ತದೆ ಎಂದು ಅವರು ಉಣ್ಣೆಯ ಮೇಲೇ ಪರೀಕ್ಷೆ ಮಾಡಿ ಹೇಳಬಲ್ಲರು. ಆಮೇಲೆ ಬೇರೆ ಗುಂಪಿನ ಔಷಧಿಗೆ ಹೋಗಿ. ಬ್ರ್ಯಾಂಡ್ ಬದಲಾದರೆ ಗುಂಪು ಬದಲಾಗುವುದಿಲ್ಲ. ಸೈಪರ್‌ಮೆಥ್ರಿನ್ ಬಿಟ್ಟು ಡೆಲ್ಟಾಮೆಥ್ರಿನ್ ತಂದರೆ ಎರಡೂ ಅಣ್ಣತಮ್ಮಂದಿರೇ.

ಮತ್ತೊಂದು. ಒಂದೂ ಉಣ್ಣೆ ಇರಬಾರದು ಎಂಬ ಹಠ ಬೇಡ. ಕೆಂಪು ಮೂತ್ರದ ರೋಗ ಇರುವ ಕಡೆ ಕರುಗಳು ಎಳೆಯದರಲ್ಲೇ ಅಲ್ಪಸ್ವಲ್ಪ ಸೋಂಕು ಕಂಡು, ಕಾಯಿಲೆ ಬೀಳದೆ ತಡೆಶಕ್ತಿ ಪಡೆಯುತ್ತವೆ. ಉಣ್ಣೆಯನ್ನೇ ಕಾಣದೆ ಬೆಳೆದ ಹಸುವಿಗೆ ದೊಡ್ಡದಾದ ಮೇಲೆ ಸೋಂಕು ತಗುಲಿದರೆ ಪ್ರಾಣಕ್ಕೇ ಬರುತ್ತದೆ.

ಪ್ರಶ್ನೆ: ಹಸುಗಳಿಗೆ ಡೆಲ್ಟಾಮೆಥ್ರಿನ್ ಹೊಡೆದು, ಸ್ವಲ್ಪ ಹೊತ್ತಿನ ಮೇಲೆ ಹೊಂಡಕ್ಕೆ ಇಳಿಸಿ ಮೈ ತೊಳೆದೆವು. ಮರುದಿನ ಮೀನು ತೇಲುತ್ತಿದ್ದವು. ಇಷ್ಟು ಚೂರು ಔಷಧಿಗೆ ಮೀನು ಸಾಯುತ್ತಾ? ಮನೆಯ ಬೆಕ್ಕು ಕೂಡ ಅದುರುತ್ತಾ ಸತ್ತುಹೋಯಿತು.

ಬೆಕ್ಕಿನ ವಿಷಯ ಓದಿ ಬೇಜಾರಾಯಿತು. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಇವು ಪೈರೆಥ್ರಾಯ್ಡ್ ಗುಂಪಿನವು. ಹಸು, ಮನುಷ್ಯ, ನಾಯಿಯ ಯಕೃತ್ತು ಇದನ್ನು ಬೇಗ ಒಡೆದು ಹಾಕುತ್ತದೆ. ಬೆಕ್ಕಿಗೆ ಆ ಶಕ್ತಿ ಬಹಳ ಕಡಿಮೆ. ಒದ್ದೆ ಹಸುವಿಗೆ ಮೈ ಉಜ್ಜಿ, ಆಮೇಲೆ ತನ್ನ ಮೈ ನೆಕ್ಕಿಕೊಂಡಿರಬಹುದು. ಹೊಡೆಯುವ ದಿನ ಬೆಕ್ಕನ್ನು ಒಳಗೆ ಕೂಡಿಹಾಕಿ. ಹಾಗೆಯೇ ಕುದುರೆ ಇರುವವರು ಅಮಿಟ್ರಾಜನ್ನು ಅದರ ಹತ್ತಿರಕ್ಕೂ ತರಬೇಡಿ, ಕರುಳು ನಿಂತುಹೋಗುತ್ತದೆ.

ಮೀನಿಗೆ ಅಷ್ಟು ಚೂರು ಸಾಕು. ನೀವು ಹೊಡೆಯುವ ದ್ರಾವಣದಲ್ಲಿ ಲೀಟರಿಗೆ ಸುಮಾರು 25 ಮಿಲಿಗ್ರಾಂ ಡೆಲ್ಟಾಮೆಥ್ರಿನ್ ಇರುತ್ತದೆ. ಮೀನು ಸಾಯಲು ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಸಾಕಾಗುತ್ತದೆ. ಸೀಗಡಿ, ನೀರಿನ ಹುಳುಗಳಿಗೆ ಇನ್ನೂ ಕಡಿಮೆ. ಸೊಳ್ಳೆಮರಿ ತಿಂದು ಬದುಕುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಅದೇ ನೀರಿನಲ್ಲಿ ಇರುತ್ತವೆ. ಉಳಿದ ಔಷಧಿ ತಳದ ಕೆಸರಿಗೆ ಅಂಟಿಕೊಳ್ಳುತ್ತದೆ. ಮೇಲಿನ ನೀರು ತಿಳಿಯಾಗಿ ಕಾಣುತ್ತದೆ, ಕೆಸರಿನಲ್ಲಿ ಬದುಕುವವುಗಳಿಗೆ ಕಾಟ ಮುಂದುವರಿಯುತ್ತದೆ. ಸತ್ತ ಮೀನನ್ನು ಯಾರೂ ತಿನ್ನಬೇಡಿ, ಹೂತುಬಿಡಿ. ಇನ್ನು ಮೇಲೆ ಔಷಧಿ ಹೊಡೆದ ಹಸುವನ್ನು ಹೊಂಡಕ್ಕೆ ಇಳಿಸಬೇಡಿ. ಪಂಪನ್ನೂ ಅಲ್ಲಿ ತೊಳೆಯಬೇಡಿ. ಹೂ ಬಿಟ್ಟ ಗಿಡಗಳ ಹತ್ತಿರ ಹೊಡೆಯಬೇಡಿ, ಜೇನುಹುಳಕ್ಕೂ ಇದು ಮಾರಿ. ಎಷ್ಟು ಬೇಕೋ ಅಷ್ಟೇ ಕಲಸಿ. ಮಿಕ್ಕರೆ ಹಸು ನೆಕ್ಕದ ಕಡೆ ಗೋಡೆಯ ಬಿರುಕಿಗೆ ಹೊಡೆಯಿರಿ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಬಗ್ಗೆ ಯಾರೂ ಕೇಳುವುದಿಲ್ಲ. ಅದು ಸಗಣಿ. ಐವರ್ಮೆಕ್ಟಿನ್ ಕೊಟ್ಟ ಹಸುವಿನ ಮೈಯಿಂದ ಔಷಧಿಯ ಬಹುಪಾಲು ಹೊರಬೀಳುವುದು ಸಗಣಿಯಲ್ಲಿ. ಸಗಣಿ ತಿಂದು, ಉಂಡೆ ಕಟ್ಟಿ, ನೆಲದೊಳಗೆ ಒಯ್ಯುವ ಸಗಣಿಹುಳುಗಳ ಮರಿಗಳಿಗೆ ಅದು ವಿಷ. 1987ರಲ್ಲಿ ವಾಲ್ ಮತ್ತು ಸ್ಟ್ರಾಂಗ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಔಷಧಿ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ ನುಂಗಿಸಿದ ಕರುಗಳ ಸಗಣಿ ಹುಲ್ಲುಗಾವಲಿನಲ್ಲಿ ಕರಗದೆ ಹಾಗೇ ಉಳಿಯಿತು. ಔಷಧಿ ಕೊಡದ ಕರುಗಳ ಸಗಣಿ ಮಣ್ಣಾಯಿತು. ಬೆನ್ನ ಮೇಲೆ ಸುರಿಯುವ ಪೈರೆಥ್ರಾಯ್ಡ್‌ಗಳು ಕೂಡ ಸಗಣಿಹುಳುವನ್ನು ಕೊಲ್ಲುತ್ತವೆ.

ನಾನು ಚಿಕ್ಕವಳಿದ್ದಾಗ ಸಗಣಿಹುಳು ಉಂಡೆ ಉರುಳಿಸುವುದನ್ನು ಕೂತು ನೋಡುತ್ತಿದ್ದೆ. ಹಿಂಗಾಲಿನಲ್ಲಿ ತಳ್ಳುತ್ತಾ ಹಿಮ್ಮುಖವಾಗಿ ಹೋಗುತ್ತದೆ. ಅದು ಆಟ ಅಂದುಕೊಂಡಿದ್ದೆ. ಅದು ನೆಲಕ್ಕೆ ಗೊಬ್ಬರ ಉಣಿಸುವ ಕೆಲಸ, ಮಳೆನೀರು ಇಳಿಯಲು ದಾರಿ ಕೊರೆಯುವ ಕೆಲಸ, ನೊಣ ಮೊಟ್ಟೆಯಿಡುವ ಸಗಣಿಯನ್ನು ತೆಗೆದುಹಾಕುವ ಕೆಲಸ ಎಂದು ಓದಿದ ಮೇಲೆ ತಿಳಿಯಿತು. ಔಷಧಿ ಕೊಟ್ಟ ಹಸುವಿನ ಸಗಣಿಯನ್ನು ಕೆಲವು ವಾರ ಬಯಲಿಗೆ ಬಿಡದೆ ಬೇರೆ ಗುಂಡಿಯಲ್ಲಿ ಹಾಕಿ. ಐವರ್ಮೆಕ್ಟಿನ್ ಬಿಸಿಲು ಬಿದ್ದರೆ ಬೇಗ ಒಡೆಯುತ್ತದೆ, ಚಳಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಎಲ್ಲ ಹಸುಗಳಿಗೂ ಒಂದೇ ದಿನ ಕೊಡಬೇಡಿ. ಯಾವುದಕ್ಕೆ ಬೇಕೋ ಅದಕ್ಕೆ ಮಾತ್ರ ಕೊಡಿ.

ಹಕ್ಕಿಗಳ ಬಗ್ಗೆಯೂ ಒಂದು ಮಾತು. ಆಫ್ರಿಕಾದಲ್ಲಿ ದನಗಳ ಮೈಮೇಲೆ ಕೂತು ಉಣ್ಣೆ ಹೆಕ್ಕುವ ಆಕ್ಸ್‌ಪೆಕರ್ ಎಂಬ ಹಕ್ಕಿ ಇದೆ. ಪಾಷಾಣದ ತೊಟ್ಟಿಗಳು ಬಂದ ಮೇಲೆ, ವಿಷ ತಿಂದ ಉಣ್ಣೆಯನ್ನು ತಿಂದು ಅವೂ ಸತ್ತವು. ಅದರಲ್ಲಿ ಹಳದಿ ಕೊಕ್ಕಿನದು ದಕ್ಷಿಣ ಆಫ್ರಿಕಾದಿಂದಲೇ ಕಣ್ಮರೆಯಾಗಿತ್ತು. ಔಷಧಿಗಳು ಬದಲಾದ ಮೇಲೆ ಮತ್ತೆ ಬಂದಿದೆ. ಪುಕ್ಕಟೆ ಕೆಲಸ ಮಾಡುತ್ತಿದ್ದ ಹಕ್ಕಿಯನ್ನು ಕೊಂದು ಉಣ್ಣೆಯನ್ನು ಉಳಿಸಿಕೊಂಡ ಹಾಗಾಯಿತು.

ಪ್ರಶ್ನೆ: ರಾಸಾಯನಿಕವೇ ಬೇಡ ಅಂತ ಹೊಗೆಸೊಪ್ಪಿನ ನೀರು ಹಚ್ಚುತ್ತೇನೆ. ಕೆಲವರು ಸುಟ್ಟ ಇಂಜಿನ್ ಆಯಿಲ್, ಸೀಮೆಎಣ್ಣೆ ಹಚ್ಚಿ ಅನ್ನುತ್ತಾರೆ. ಇವು ಪರವಾಗಿಲ್ಲ ಅಲ್ವಾ?

ಇಂಜಿನ್ ಆಯಿಲ್ ಖಂಡಿತ ಬೇಡ. ಸುಟ್ಟ ಎಣ್ಣೆಯಲ್ಲಿ ಸೀಸದಂಥ ಲೋಹಗಳು, ಕ್ಯಾನ್ಸರ್ ತರುವ ವಸ್ತುಗಳು ಇರುತ್ತವೆ. ಹಸು ನೆಕ್ಕುತ್ತದೆ, ಹಾಲು ಕರೆಯುವ ಕೈಗೆ ಅಂಟುತ್ತದೆ. ಸೀಮೆಎಣ್ಣೆ ಚರ್ಮ ಸುಡುತ್ತದೆ.

ಹೊಗೆಸೊಪ್ಪಿನದು ಸ್ವಲ್ಪ ಬಿಡಿಸಿ ಹೇಳಬೇಕು. ನಿಕೋಟಿನ್ ಉಣ್ಣೆಯನ್ನು ಕೊಲ್ಲುವುದು ನಿಜ. ಆದರೆ ನಿಕೋಟಿನ್ ಗಿಡದಲ್ಲಿ ಹುಟ್ಟಿದರೂ ಕಡು ವಿಷ. ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಒದ್ದೆ ಹೊಗೆಸೊಪ್ಪು ಕೊಯ್ಯುವ ಕೆಲಸಗಾರರಿಗೆ ವಾಂತಿ, ತಲೆಸುತ್ತು ಬರುವ ಕಾಯಿಲೆಯೇ ಇದೆ. ನೀವು ಕುದಿಸಿ ಇಳಿಸಿದ ನೀರಿನಲ್ಲಿ ಎಷ್ಟು ನಿಕೋಟಿನ್ ಇದೆ ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಒಂದು ಸಲ ಸಪ್ಪೆ, ಒಂದು ಸಲ ಗಟ್ಟಿ. ಎಳೆ ಕರುವಿಗೆ, ಗಾಯ ಇರುವ ಹಸುವಿಗೆ ಹಚ್ಚಿದರೆ ಅಪಾಯ. ಬಿಟ್ಟುಬಿಡಿ. ಬೇವಿನೆಣ್ಣೆ ಇದಕ್ಕಿಂತ ಎಷ್ಟೋ ಮೇಲು. ಉಣ್ಣೆ ಮೊಟ್ಟೆಯಿಡುವುದನ್ನು ಅದು ತಗ್ಗಿಸುತ್ತದೆ. ತಕ್ಷಣ ಉದುರಿಸುವುದಿಲ್ಲ, ಎಲ್ಲ ಎಣ್ಣೆಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಅಷ್ಟು ಗೊತ್ತಿಟ್ಟುಕೊಂಡು ಬಳಸಿ.

ಪ್ರಶ್ನೆ: ನಮ್ಮದು ಎರಡೇ ಹಸು. ವಿಷ ಇಲ್ಲದೆ ಉಣ್ಣೆ ಹತೋಟಿ ಸಾಧ್ಯವೇ ಅಕ್ಕ? ನಾನು ಕೈಯಲ್ಲಿ ಕಿತ್ತು ಹೊಸಕಿ ಹಾಕುತ್ತೇನೆ.

ಎರಡೇ ಹಸು ಎಂದರೆ ನಿಮ್ಮಷ್ಟು ಅನುಕೂಲ ಯಾರಿಗೂ ಇಲ್ಲ, ತಮ್ಮಾ. ಕೀಳುವುದು ಒಳ್ಳೆಯದೇ. ಹೊಸಕುವುದು ಮಾತ್ರ ಇವತ್ತೇ ನಿಲ್ಲಿಸಿ. ಉಣ್ಣೆಯ ಹೊಟ್ಟೆಯ ರಕ್ತದಲ್ಲಿ ಮನುಷ್ಯರಿಗೂ ಬರುವ ರೋಗಾಣು ಇರಬಹುದು. ಕ್ರಿಮಿಯನ್ ಕಾಂಗೋ ಜ್ವರ ಹೀಗೂ ಅಂಟುತ್ತದೆ. ಗ್ಲೌಸ್ ಹಾಕಿ, ಚಿಮುಟದಿಂದ ಚರ್ಮಕ್ಕೆ ಹತ್ತಿರ ಹಿಡಿದು, ನೇರವಾಗಿ ಎಳೆಯಿರಿ. ಸೋಪು ಕಲಸಿದ ಬಿಸಿನೀರಿನ ಡಬ್ಬಿಗೆ ಹಾಕಿ. ಉಬ್ಬಿದ್ದನ್ನು ಕಿತ್ತು ನೆಲಕ್ಕೆ ಎಸೆದರೆ ಕೊಟ್ಟಿಗೆಯಲ್ಲೇ ಮೂರು ಸಾವಿರ ಮೊಟ್ಟೆ ಬಿತ್ತಿದಂತೆ.

ಆಮೇಲೆ ಗೋಡೆಗೆ ಹೋಗಿ. ಕೊಟ್ಟಿಗೆಯ ಒಂದೊಂದು ಬಿರುಕನ್ನೂ ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಿ ಸುಣ್ಣ ಬಳಿಯಿರಿ. ಗೋದಲಿಯ ಅಡಿ, ಕಂಬದ ಬುಡ, ಹಗ್ಗ ಕಟ್ಟುವ ಗೂಟದ ಸುತ್ತ ಬೆರಳಿನಿಂದ ಕೆದಕಿ ನೋಡಿ, ಅಲ್ಲೇ ಇರುತ್ತವೆ. ಮೇಯಿಸುವ ಜಾಗ ಎರಡು ಇದ್ದರೆ ಒಂದನ್ನು ನಾಲ್ಕು ತಿಂಗಳಾದರೂ ಖಾಲಿ ಬಿಡಿ. ಹಸು ಸಿಗದೆ ಮರಿಗಳು ಹಸಿವಿನಿಂದ ಸಾಯುತ್ತವೆ. ತಂಪು ಜಾಗವಾದರೆ ಇನ್ನೂ ಜಾಸ್ತಿ ದಿನ ಬೇಕು. ಹೊಸ ಹಸು ಕೊಂಡು ತಂದರೆ ನೇರ ಒಳಗೆ ಕಟ್ಟಬೇಡಿ, ಮೂರು ವಾರ ಬೇರೆ ಕಟ್ಟಿ. ಕೋಳಿ ಇದ್ದರೆ ಕೊಟ್ಟಿಗೆಯಲ್ಲಿ ಓಡಾಡಿಕೊಂಡಿರಲಿ, ಉಣ್ಣೆ ಹೆಕ್ಕುತ್ತವೆ. ಔಷಧಿ ಹೊಡೆದಿದ್ದರೆ ಮಾತ್ರ ಕೋಳಿ ಬೇಡ. ಉಣ್ಣೆಗೆ ಲಸಿಕೆ ಕೂಡ ಇದೆ. 1990ರ ದಶಕದಲ್ಲಿ ಆಸ್ಟ್ರೇಲಿಯ ಮತ್ತು ಕ್ಯೂಬಾದಲ್ಲಿ ಬಂತು. ಅದು ಹಸುವಿನ ರಕ್ತದ ಮೂಲಕ ಉಣ್ಣೆಯ ಕರುಳನ್ನೇ ಕೆಡಿಸುತ್ತದೆ. ಎಲ್ಲ ಕಡೆ ಸಿಗುವುದಿಲ್ಲ.

ನಿಮಗೊಂದು ಕೆಲಸ ಕೊಡುತ್ತೇನೆ. ಇವತ್ತು ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಒಂದು ಹಸುವಿನ ಎಡಮಗ್ಗುಲಲ್ಲಿ ಮಾತ್ರ, ಉಬ್ಬಿದ ದೊಡ್ಡ ಉಣ್ಣೆ ಎಷ್ಟಿವೆ ಅಂತ ಎಣಿಸಿ ಗೋಡೆಯ ಮೇಲೆ ಬರೆದಿಡಿ. ವಾರಕ್ಕೊಂದು ಸಲ ಅದೇ ಹಸು, ಅದೇ ಮಗ್ಗುಲು, ಅದೇ ಹೊತ್ತು. ಬಿರುಕು ಮುಚ್ಚಿ ಆರು ವಾರವಾದ ಮೇಲೆ ಆ ಅಂಕಿಗಳನ್ನು ನನಗೆ ಬರೆದು ಕಳಿಸಿ. ಅಂಕಿ ಇಳಿಯದಿದ್ದರೆ, ಹಸುವಿನ ಕಣ್ಣಿನ ಒಳರೆಪ್ಪೆ ಬಿಳಿಚಿಕೊಂಡಿದ್ದರೆ, ಜ್ವರ ಇದ್ದರೆ ಕಾಯಬೇಡಿ, ಡಾಕ್ಟರನ್ನು ಕರೆಸಿ. ಅಂಥ ಹೊತ್ತಿನಲ್ಲಿ ಔಷಧಿ ಹೊಡೆಯಲೇಬೇಕಾಗುತ್ತದೆ. ಆಗ ಅಳತೆಯ ಸಿರಿಂಜು, ದಪ್ಪ ಗ್ಲೌಸ್ ಪಕ್ಕದಲ್ಲಿಟ್ಟುಕೊಂಡೇ ಲೇಬಲ್ಲಿನಲ್ಲಿರುವಷ್ಟೇ ಮಿ.ಲೀ. ಎಣಿಸಿ.